ನಂದಿ ಬೆಟ್ಟದಲ್ಲಿ ಅತ್ತೆ ಮುಡಿದ ಗುಲಾಬಿ

ಮೊನ್ನೆ ನಂದಿ ಬೆಟ್ಟ ಹತ್ತುವಾಗ ನೀಲಗಿರಿ ಎಲೆಯ ವಾಸನೆ ಬಂತು, ಗಿರಿಜತ್ತೆ ನೆನಪಾದಳು.

ಅವಳು ಅಪ್ಪನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಶಿಡ್ಲಘಟ್ಟದ ನಮ್ಮ ಮನೆಗೆ ವಾಪಸಾಗಿದ್ದಳು. ಅವಳ ತಲೆಗೆ ಹೂವು ಸೋಕದಂತೆ ಕಾಯುತ್ತಿದ್ದವಳು ಹೆತ್ತ ತಾಯಿಯೇ, ನಮ್ಮಜ್ಜಿ.

ಒಂದು ಭಾನುವಾರ ಮನೆಮಂದಿಯೆಲ್ಲ ಬೆಟ್ಟಕ್ಕೆ ಹೋದೆವು. ಟಿಪ್ಪುವಿನ ಬೇಸಿಗೆ ಅರಮನೆಗೆ ಬೀಗ ಹಾಕಿತ್ತು. ಕಿಟಕಿ ಸಂದಿಯಲ್ಲಿ ಇಣುಕಿ ನೋಡಿ, ತೋಟದಲ್ಲಿ ಚಿತ್ರಾನ್ನ ತಿನ್ನಲು ಕೂತೆವು. ಅತ್ತೆ ಮಾತ್ರ ಗುಲಾಬಿ ಗಿಡಗಳ ಮುಂದೆಯೇ ನಿಂತಿದ್ದಳು. ಅಜ್ಜಿ ಅವಳನ್ನೇ ತುಂಬ ಹೊತ್ತು ನೋಡಿದಳು. ಆಮೇಲೆ ಎದ್ದು ಹೋಗಿ, ಹುಲ್ಲಿನ ಮೇಲೆ ಬಿದ್ದಿದ್ದ ಗುಲಾಬಿಯೊಂದನ್ನು ಎತ್ತಿ ಮಗಳ ಜಡೆಗೆ ಸಿಕ್ಕಿಸಿದಳು.

"ಬೇಡಮ್ಮ, ಯಾರಾದ್ರೂ ನೋಡ್ತಾರೆ," ಅಂದಳು ಅತ್ತೆ.

"ನೋಡ್ಲಿ ಬಿಡೇ. ನಾನೇ ಮುಡಿಸ್ತಾ ಇದೀನಲ್ಲ."

ಅಜ್ಜಿ ಈಗಿಲ್ಲ. ಅತ್ತೆಯ ತಲೆ ಪೂರ್ತಿ ನರೆತಿದೆ. ಬೆಳಿಗ್ಗೆ ಹೂವಿನವಳು ಬರುವುದು ತಡವಾದರೆ, ಗೇಟಿನ ಹತ್ತಿರವೇ ಹೋಗಿ ಕಾಯುತ್ತಾ ನಿಲ್ಲುತ್ತಾಳೆ.