ಕಡಲಿಗೆ ಆರಿಸಿದ ಕಾಯಿ

ತಿಪಟೂರಿನ ನಮ್ಮ ಕೊಬ್ಬರಿ ಮಂಡಿಗೆ ಒಮ್ಮೆ ಸಮುದ್ರವಿಜ್ಞಾನಿಯೊಬ್ಬರು ಬಂದರು. ಕಡಲ ನೀರು ಎತ್ತ ಹರಿಯುತ್ತದೆಂದು ನೋಡುವುದರಲ್ಲೇ ಆಯಮ್ಮ ಇಪ್ಪತ್ತು ವರ್ಷ ಕಳೆದಿದ್ದರಂತೆ. ಸಿಕ್ಕವರು ಫೋನ್ ಮಾಡಲಿ ಎಂದು ಚೀಟಿ ಅಂಟಿಸಿ ತೇಲಿಬಿಡಲು ನೂರು ಕಾಯಿ ಬೇಕು, ನಾಳೆಯೇ ಹಡಗು ಹೊರಡುತ್ತದೆ ಎಂದರು.

ನಾನು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗುಡುಗುಡು ಎನ್ನುವ ಒಣಕಾಯಿಗಳನ್ನೇ ಆರಿಸಿಕೊಟ್ಟೆ. ಅವರು ಒಂದನ್ನು ನೀರಿನ ತೊಟ್ಟಿಗೆ ಹಾಕಿ ಮುಖ ಸಿಂಡರಿಸಿದರು.

"ಇದು ನೀರಿನ ಮೇಲೇ ಕೂರುತ್ತೆ ಯಜಮಾನ್ರೇ, ಗಾಳಿ ನೂಕಿಬಿಡುತ್ತೆ, ನೀರು ಹರಿಯೋ ದಿಕ್ಕು ಗೊತ್ತಾಗಲ್ಲ. ಮುಕ್ಕಾಲು ಮುಳುಗೋ ಕಾಯಿ ಕೊಡಿ."

"ಅಂಥವು ಒಣಗಿಲ್ಲ ಅಂತ ಮೂಲೇಲಿ ಬಿಸಾಕಿದೀನಿ ಕಣಮ್ಮಾ!"

"ಅವೇ ಬೇಕು."

ನಲವತ್ತು ವರ್ಷದಲ್ಲಿ ನನ್ನ ಕಿವಿಗೆ ಇಂಥ ಅವಮಾನ ಆಗಿರಲಿಲ್ಲ. ಆದರೂ ಕೊಟ್ಟೆ. "ಚೀಟೀಲಿ ನಮ್ಮಂಗಡಿ ಹೆಸರು ಮಾತ್ರ ಬರೀಬೇಡಿ" ಎಂದು ಕೈಮುಗಿದೆ.

ತಿಂಗಳಾದ ಮೇಲೆ ಅವರ ಫೋನ್ ಬಂತು. ಕೇರಳದ ಮೀನುಗಾರನೊಬ್ಬ ಕಾಯಿ ಸಿಕ್ಕ ಜಾಗ ತಿಳಿಸಿ, ಚಟ್ನಿಗೆ ಬಹಳ ಚೆನ್ನಾಗಿತ್ತು ಅಂದನಂತೆ.

"ಹಂಗಾದ್ರೆ ಮುಂದಿನ ಸಲ ಹೆಸರು ಬರ್ಕೊಳ್ಳಿ" ಎಂದೆ. "ದಪ್ಪ ಅಕ್ಷರದಲ್ಲಿ."