ಹೆಸರು ಕೇಳಿದ ಚಿತ್ರಗಾರ್ತಿ

ಕಣ್ಣು ಮುಚ್ಚಿಕೊಂಡು, ಬರಿಗಾಲಲ್ಲಿ, ಹಾಸಿದ ಬಿಳಿ ಬಟ್ಟೆಯ ಸುತ್ತ ಆಕೆ ಮೆಲ್ಲಗೆ ಸುತ್ತುತ್ತಿದ್ದಳು. ಕೈಯಲ್ಲಿ ಕಸಬರಿಗೆಯಷ್ಟು ದಪ್ಪದ ಕುಂಚ, ಅದರಿಂದ ಕರಿ ಮಸಿ ತೊಟ್ಟಿಕ್ಕುತ್ತಿತ್ತು. ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತಿದ್ದ ನನಗೆ ಪಕ್ಕದ ಮಾಳಿಗೆಯಲ್ಲಿ ಇದನ್ನು ಕಂಡು ಮಾಟವೇ ಇರಬೇಕೆನಿಸಿತು. ಬಸವಕಲ್ಯಾಣದ ನಮ್ಮ ಓಣಿಗೆ ಆಕೆ ಹೊಸದಾಗಿ ಬಾಡಿಗೆಗೆ ಬಂದವಳು, ಹುಮನಾಬಾದ್ ಕಡೆಯವಳಂತೆ. ಭಾನಾಮತಿ ಮಾಡುವವರ ಕೈಗೆ ನಮ್ಮ ಕೂದಲು, ಉಟ್ಟ ಬಟ್ಟೆಯ ಚೂರು, ಹೆಸರು ಯಾವುದೂ ಸಿಗಬಾರದೆಂದು ಚಿಕ್ಕಂದಿನಿಂದ ಕೇಳಿದ್ದೇನೆ.

"ಇದೇನ್ ಮಾಡಾಕತ್ತೀರಿ?" ಎಂದೆ, ಗೋಡೆಯ ಈಚೆಯಿಂದಲೇ.

"ಚಿತ್ರ ತೆಗ್ಯಾಕತ್ತೀನ್ರಿ ಅಕ್ಕಾರ. ಮೊದಲ ಧ್ಯಾನ ಮಾಡಿ, ಆಮ್ಯಾಲ ಒಂದ ಉಸಿರಿನ್ಯಾಗ ಅಕ್ಷರಾನ ಚಿತ್ರದಂಗ ಬರೀತೀನಿ. ನಿಮ್ಮ ಹೆಸರು ಹೇಳ್ರಿ, ಬರೀತೀನಿ."

ನೋಡಿ, ಕೇಳಿದ್ದು ಹೆಸರನ್ನೇ. ಸತ್ತವರಿಗೆ ಯಾವ ಮಾಟವೂ ತಟ್ಟಲಾರದೆಂದು ಲೆಕ್ಕ ಹಾಕಿ, ತೀರಿಹೋದ ನಮ್ಮವ್ವನ ಹೆಸರನ್ನೇ ನನ್ನದೆಂದು ಹೇಳಿದೆ: ಕಾಶೀಬಾಯಿ.

ಆಕೆ ಉಸಿರೆಳೆದುಕೊಂಡು, ಸೊಂಟ ಬಗ್ಗಿಸಿ, ಕುಂಚ ಎತ್ತದೆ ಬಟ್ಟೆಯ ಈ ತುದಿಯಿಂದ ಆ ತುದಿಗೆ ಕುಣಿದಂತೆ ಸರಿದಳು. ಓದಲು ಹೋದರೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಆ ಕರಿ ಗೆರೆ ಬಾಗಿದ್ದು, ಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದ ಅವ್ವನ ಬೆನ್ನು ಬಾಗಿದ ಹಾಗೆಯೇ ಇತ್ತು.

ನನ್ನ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ. ನನ್ನ ನಿಜವಾದ ಹೆಸರನ್ನೂ ಆಕೆಗೆ ಹೇಳಿಲ್ಲ. ಓಣಿಯಲ್ಲಿ ಎದುರಾದಾಗಲೆಲ್ಲ ಆಕೆ "ಕಾಶೀಬಾಯಾರ" ಎಂದು ಕರೆಯುತ್ತಾಳೆ. ಅವ್ವ ಹೋದ ಮೇಲೆ ಆ ಹೆಸರು ಹಿಡಿದು ಯಾರೂ ಕರೆದಿರಲಿಲ್ಲ. ನಾನು ಓ ಎನ್ನುತ್ತೇನೆ.