ಚೌಕಗಳಾಗಿ ಹೋದ ಪತ್ರ

ನಿನ್ನೆ ಬೆಳಿಗ್ಗೆ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಹಡಗು ಕಚೇರಿಯೊಂದರಿಂದ ಫೋನು. ನಾವು ಕಳಿಸಿದ ವರದಿಯಲ್ಲಿ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿವೆಯಂತೆ. ನಿಮಗೂ ಅಂಥ ಫೈಲು ಎಂದಾದರೂ ಬಂದಿರಬಹುದು. ನಮ್ಮಲ್ಲಿರುವ ಫಾಂಟು ಓದುವವರಲ್ಲಿ ಇಲ್ಲದಿದ್ದರೆ, ಅದನ್ನು ಫೈಲಿನೊಳಗೇ ಸೇರಿಸಿ ಕಳಿಸಬೇಕು. ಹೊಸದಾಗಿ ಸೇರಿದ ಸಹೋದ್ಯೋಗಿ ಮರೆತಿದ್ದಳು. ಬೈಯಲೆಂದೇ ಎದ್ದೆ, ಆಗಲಿಲ್ಲ. ಆ ತಪ್ಪಿಗೆ ಬೈಯುವ ಯೋಗ್ಯತೆ ನನಗಿಲ್ಲ.

ಕಳಮಶ್ಶೇರಿಯ ಈ ಕಚೇರಿಯಲ್ಲಿ ನನಗೆ ಕೆಲಸ ಕಲಿಸಿದವರು ಕಾಸರಗೋಡಿನ ಸುಲೋಚನಕ್ಕ. ಮೂಲೆಯಲ್ಲೊಂದು ಹಳೆಯ ಕಂಪ್ಯೂಟರ್ ಇಟ್ಟು, ಅದಕ್ಕೆ ನಮ್ಮ ಫಾಂಟು ಒಂದನ್ನೂ ಹಾಕಲು ಬಿಡುತ್ತಿರಲಿಲ್ಲ. ಯಾವ ದಾಖಲೆಯೂ ಅಲ್ಲಿ ತೆರೆದು ನೋಡದೆ ಹೊರಗೆ ಹೋಗುವಂತಿರಲಿಲ್ಲ. "ನಮ್ಮಲ್ಲಿ ಚಂದ ಕಂಡ್ರೆ ಏನಾಯ್ತು ಮಾರಾಯಾ? ಅವರಲ್ಲಿ ಕಾಣ್ಬೇಕು," ಎನ್ನುತ್ತಿದ್ದರು. ನಾನೋ ದೊಡ್ಡ ಪಂಡಿತ, ಅವರ ಬೆನ್ನ ಹಿಂದೆ ಆ ಯಂತ್ರಕ್ಕೆ 'ಅತ್ತೆಮನೆ' ಎಂದು ಹೆಸರಿಟ್ಟಿದ್ದೆ.

ಅಕ್ಕನಿಗೆ ತಿರುವನಂತಪುರದಲ್ಲಿ ಒಬ್ಬ ತಮ್ಮ. ಆ ತಮ್ಮನ ಮದುವೆಗೆ ಅಕ್ಕ ಹಟ ಹಿಡಿದು ಹೋಗಿರಲಿಲ್ಲ. ಅಂದಿನಿಂದ ಮಾತು ನಿಂತಿತ್ತು. ಕಾಯಿಲೆ ಬಿದ್ದ ಮೇಲೆ ಅಕ್ಕನ ಮನಸ್ಸು ಕರಗಿತು. ಕೈ ನಡುಗುತ್ತಿದ್ದುದರಿಂದ ತಮ್ಮನಿಗೆ ಬರೆಯಬೇಕಾದ ಪತ್ರವನ್ನು ಅವರು ಹೇಳುತ್ತ ಹೋದರು, ನಾನು ಅವರಿಗೆ ಇಷ್ಟವಾದ ದುಂಡು ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದೆ. ತಪ್ಪು ನನ್ನದು, ಒಮ್ಮೆ ಬಂದು ಹೋಗು ಎಂದಷ್ಟೇ ಇತ್ತು. ಮನೆಯ ಪತ್ರ ತಾನೇ, ಕಚೇರಿಯ ದಾಖಲೆಯೇನಲ್ಲವಲ್ಲ ಎಂದುಕೊಂಡು ಅತ್ತೆಮನೆಗೆ ತೋರಿಸದೆ ಇ-ಮೇಲಿನಲ್ಲಿ ಕಳಿಸಿಬಿಟ್ಟೆ.

ಉತ್ತರ ಬರಲಿಲ್ಲ. ಕೆಲವು ದಿನ ಅಕ್ಕ ದಿನವೂ ಕೇಳಿದರು, ಆಮೇಲೆ ಕೇಳುವುದನ್ನು ಬಿಟ್ಟರು.

"ಓದಿದ್ದಾನೆ. ಬರ್ಲಿಕ್ಕೆ ಮನಸ್ಸಿಲ್ಲ, ಅಷ್ಟೆ," ಎಂದರು.

ಅವರು ತೀರಿಕೊಂಡಾಗ ತಮ್ಮ ಬಂದರು. ನನ್ನನ್ನು ಬದಿಗೆ ಕರೆದು, ಅಕ್ಕನ ಫೈಲಿನಲ್ಲಿ ಚೌಕಗಳಷ್ಟೇ ಇದ್ದವು, ನನ್ನ ಕಂಪ್ಯೂಟರೇ ಕೆಟ್ಟಿರಬೇಕು ಎಂದುಕೊಂಡೆ, ಕೇಳಲು ಬಿಗುಮಾನ ಬಿಡಲಿಲ್ಲ ಎಂದು ಅತ್ತರು. ಅದರಲ್ಲಿ ಏನಿತ್ತೆಂದು ಕೇಳಿದರು. ಕ್ಷೇಮಸಮಾಚಾರ ಎಂದೆ. ಅಂಥ ಹೇಡಿ ನಾನು.

ನಿನ್ನೆ ವರದಿಯನ್ನು ಸರಿಪಡಿಸಿ ಕಳಿಸಿದ ಮೇಲೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಆ ಪತ್ರವನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಅರ್ಧ ದಿನ ರಜೆ ಹಾಕಿ, ತಿರುವನಂತಪುರದ ರೈಲು ಹತ್ತಿದೆ. ಅಕ್ಕನ ತಮ್ಮ ಬಾಗಿಲಲ್ಲೇ ನಿಂತು ಓದಿದರು. ತಪ್ಪು ನನ್ನದೆಂದೂ, ಆ ದಿನ ಸುಳ್ಳು ಹೇಳಿದೆನೆಂದೂ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು.

"ನಾನು ಓದ್ಲಿಲ್ಲ ಅಂತ ಅಕ್ಕನಿಗೆ ಗೊತ್ತಿತ್ತಾ?"

ಇಲ್ಲ ಎಂದೆ. ಓದಿಯೂ ನೀವು ಸುಮ್ಮನಿದ್ದೀರಿ ಎಂದೇ ತಿಳಿದು ಅಕ್ಕ ಹೋದರು ಎಂದೆ. ಅವರು ಪತ್ರವನ್ನು ಮತ್ತೆ ಮೊದಲಿನಿಂದ ಓದತೊಡಗಿದರು.